ಸಾಕ್ಷಿ ಹಾಕಿದವಳು

ಮನುಷ್ಯರ ಹಲ್ಲಿಗೆ ಹದಿನಾರೇ ಬಣ್ಣ. ದೇವರು ಎಷ್ಟು ಮಾಡಿದ್ದಾನೋ ಯಾರಿಗೆ ಗೊತ್ತು, ಕಾರ್ಖಾನೆಯವರು ಹದಿನಾರು ಮಾಡಿ ಒಂದು ಪಟ್ಟಿಗೆ ಸಿಕ್ಕಿಸಿ ಕಳಿಸಿದ್ದಾರೆ. ಮೆಲ್ಬರ್ನ್ ನಗರದ ನಗುವೆಲ್ಲ ಅದರೊಳಗೇ ಹೊಂದಿಕೊಳ್ಳಬೇಕು. ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ ಐದು ವರ್ಷ ಕೂತ ಮೇಲೆ ತಿನಗರನ್‌ಗೆ ಜನರ ಮುಖ ನೋಡುವ ಅಭ್ಯಾಸವೇ ತಪ್ಪಿಹೋಗಿತ್ತು. ರೈಲಿನಲ್ಲಿ ಎದುರು ಕೂತವರು ಬಾಯಿ ತೆರೆದರೆ ಸಾಕು, ಇವಳದು ಎ-ಮೂರು, ಇವನು ಸಿ-ನಾಲ್ಕು, ಸಿಗರೇಟು ಸೇದುವವನು, ಆ ಮುದುಕನದು ನಮ್ಮದೇ ಮಾಲು, ಎಂದು ಮನಸ್ಸು ತಾನಾಗಿ ವಿಂಗಡಿಸಿಡುತ್ತಿತ್ತು. ವಿಂಗಡಿಸಿದ ಮೇಲೆ ಅವರ ಬಗ್ಗೆ ತಿಳಿಯಬೇಕಾದ್ದು ಇನ್ನೇನೂ ಉಳಿದಿಲ್ಲವೆನ್ನಿಸಿ ಅವನು ಕಿಟಕಿಯ ಕಡೆ ತಿರುಗುತ್ತಿದ್ದ. ಈ ಶುಕ್ರವಾರ ಮಾತ್ರ ಬೆಳಗಿನಿಂದ ಒಂದು ಮುಂದಿನ ಹಲ್ಲನ್ನು ಮೂರು ಸಲ ಕೆಡಿಸಿದ್ದ. ಮೇಜಿನ ಖಾನೆಯಲ್ಲಿ, ಮೇಣದ ಹಾಳೆಗಳ ಕೆಳಗೆ, ಊರಿನ ಚುನಾವಣಾ ಕಚೇರಿಯಿಂದ ಬಂದ ಲಕೋಟೆ ಕೂತಿತ್ತು.

"ಏನ್ ಡೀನ್, ಇದು ಮನುಷ್ಯಂಗೋ ಕುದುರೆಗೋ?" ಎಂದು ಗ್ರೇಮ್ ಆ ಹಲ್ಲನ್ನು ಬೆಳಕಿಗೆ ಹಿಡಿದು ಕೇಳಿದ. ಗ್ರೇಮ್ ಲ್ಯಾಬಿನ ಯಜಮಾನ. ಬಾಯ್ತುಂಬ ತನ್ನವೇ ಹಲ್ಲು, ಅವೂ ಒಂದಕ್ಕೊಂದು ಬೆನ್ನು ತಿರುಗಿಸಿಕೊಂಡು ನಿಂತಿದ್ದವು. ಡೀನ್ ಎಂಬ ಹೆಸರು ಅವನದೇ ದಯೆ. ಕೆಲಸ ಕೇಳಲು ಹೋದ ದಿನವೇ, ತಿನಗರನ್ ಎನ್ನುವುದಕ್ಕೆ ಬಾಯಿ ತಿರುಗದೆ, ಎಡದಿಂದ ಬಲಕ್ಕೆ ಎರಡು ಸಲ ಪ್ರಯತ್ನಪಟ್ಟು, ನಡುವೆ ಬಿಟ್ಟು, ಡೀನ್ ಎಂದಿದ್ದ. ಅದೇ ಗಳಿಗೆಯಲ್ಲಿ "ಸಿಂಗಪುರದವನು ತಾನೆ ನೀನು? ಏನ್ ಏರ್‌ಪೋರ್ಟ್ ಅಪ್ಪಾ ಅದು!" ಎಂದೂ ಅಂದಿದ್ದ. ತಿನಗರನ್ ನಕ್ಕಿದ್ದ. ಅಷ್ಟೇ ಅವನು ಮಾಡಿದ್ದು, ನಕ್ಕಿದ್ದು. ಸುಳ್ಳು ಹೇಳಿದೆ ಎಂದು ಯಾರೂ ಅವನ ಮೇಲೆ ಹೊರಿಸುವಂತಿಲ್ಲ. ಮಾರನೆಯ ವರ್ಷ ಗ್ರೇಮ್ ಹೆಂಡತಿಯ ಜೊತೆ ಸಿಂಗಪುರಕ್ಕೆ ಹೋಗಿಬಂದು ಫೋಟೋ ತೋರಿಸುತ್ತ ನಿಮ್ಮ ಮನೆ ಯಾವ ಕಡೆ ಎಂದು ಕೇಳಿದಾಗ "ಉತ್ತರಕ್ಕೆ" ಎಂದಿದ್ದ. ಭೂಗೋಳದ ಪ್ರಕಾರ ಅದೂ ಸುಳ್ಳಲ್ಲ. ಐನೂರು ಚಿಲ್ಲರೆ ಕಿಲೋಮೀಟರು ಉತ್ತರಕ್ಕೆ, ದೇಶದ ಗಡಿ ದಾಟಿ, ಸುಂಗೈ ಸಿಪುಟ್ ಊರಿನ ಹೊರಗೆ, ರಬ್ಬರು ತೋಟದವರು ಕೂಲಿಗಳಿಗೆ ಕಟ್ಟಿಸಿ ಮರೆತ ಸಾಲುಮನೆಗಳಲ್ಲಿ ಹನ್ನೊಂದನೆಯದು.

ಮಲೇಷ್ಯಾದವನು ಅನ್ನಿಸಿಕೊಳ್ಳಲು ನಾಚಿಕೆಯೇ ಎಂದು ಯಾರಾದರೂ ಕೇಳಿದ್ದರೆ ಅವನು ಛೇ ಎನ್ನುತ್ತಿದ್ದ. ನಾಚಿಕೆಯಲ್ಲ, ಬೇಸರ. ಬಂದ ಹೊಸತರಲ್ಲಿ ಇಪೋ ಕಡೆಯವನೊಬ್ಬ ಬಿಡದೆ ಎಳೆದುಕೊಂಡು ಹೋಗಿ ಕ್ಲೇಟನ್‌ನ ಒಂದು ಮನೆಯಲ್ಲಿ 'ನಮ್ಮವರ' ಕೂಟಕ್ಕೆ ಕೂರಿಸಿದ್ದ. ಇಪ್ಪತ್ತು ಜನ ಒಂದು ಪಾತ್ರೆ ರೆಂಡಾಂಗು ಎಂಬ ಮಾಂಸದ ಅಡಿಗೆಯ ಸುತ್ತ ನಿಂತು, ಈ ದೇಶದಲ್ಲಿ ರೆಂಡಾಂಗು ರೆಂಡಾಂಗೇ ಅಲ್ಲ ಎಂದು ಎರಡು ಗಂಟೆ ಒಮ್ಮತಕ್ಕೆ ಬರುತ್ತಿದ್ದರು. ಇಲ್ಲಿಯ ಮೆಣಸಿನಕಾಯಿಗೆ ಖಾರವಿಲ್ಲ. ಇಲ್ಲಿಯ ತೆಂಗಿನಹಾಲು ಡಬ್ಬಿಯದು. ಊರಲ್ಲಿ ಇಂಥ ಮರದ ಕೆಳಗೆ ಇಂಥವನು ಮಾಡುವ ನಾಸಿ ಲೆಮಾಕ್, ಆ ತೆಂಗಿನಹಾಲಿನ ಅನ್ನ! ಮಲಯರು, ಚೀನೀಯರು, ತಮಿಳರು, ಊರಿನಲ್ಲಿ ಒಂದೇ ಮೇಜಿಗೆ ಕೂರದವರು ಇಲ್ಲಿ ತಬ್ಬಿಕೊಂಡು, ತಾಯ್ನಾಡೇ ಎಂದು ಕಣ್ಣೊರೆಸಿಕೊಂಡು, ಕೈ ತೊಳೆದು, ಇಲ್ಲಿ ಶಾಶ್ವತವಾಗಿ ನೆಲೆಸುವ ಅರ್ಜಿ ಎಲ್ಲಿಗೆ ಬಂತು ಎಂದು ಪರಸ್ಪರ ವಿಚಾರಿಸಿಕೊಂಡರು. ದೇಶಭಕ್ತಿಯೆಂಬುದು ಹೊಟ್ಟೆಯಲ್ಲಿ ಹುಟ್ಟಿ ಹೊಟ್ಟೆಯಲ್ಲೇ ಅರಗುವ ಪದಾರ್ಥವೆಂದು ಅವನಿಗೆ ಆ ಸಂಜೆ ಖಚಿತವಾಯಿತು. ಆಮೇಲೆ ಅವರು ಎದುರು ಸಿಕ್ಕರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದ. ಇಪೋದವನ ಕರೆಗಳಿಗೆ ಉತ್ತರಿಸುವುದನ್ನೂ ನಿಲ್ಲಿಸಿದ.

ಈಗ ಆ ಸೊಕ್ಕಿಗೆ ತಕ್ಕ ಶಾಸ್ತಿಯಾಗಿತ್ತು. ಅಂಚೆಯ ಮತ ಬಂದಿತ್ತು. ಗುರುತು ಹಾಕುವುದೇನು ಮಹಾ, ನಿನ್ನೆ ಸಂಜೆ ಅಡಿಗೆಮನೆಯಲ್ಲಿ ನಿಂತು ಹಾಕಿದ್ದ. ಮೂವರು ಅಭ್ಯರ್ಥಿಗಳಲ್ಲಿ ಇಬ್ಬರದು ಕಟ್ಟುಹಲ್ಲು, ಅದೂ ಕಳಪೆ. ಆದರೆ ಜೊತೆಗಿದ್ದ ನಮೂನೆಯಲ್ಲಿ ಸಾಕ್ಷಿಯ ಸಹಿ ಬೇಕಿತ್ತು, ಸಾಕ್ಷಿ ಮಲೇಷ್ಯಾದ ಪ್ರಜೆಯೇ ಆಗಿರಬೇಕಿತ್ತು, ಗುರುತಿನ ಚೀಟಿಯ ಹನ್ನೆರಡು ಅಂಕಿ ಬರೆಯಬೇಕಿತ್ತು. ಇಲ್ಲದಿದ್ದರೆ ಮತ ಕಸದ ಬುಟ್ಟಿಗೆ. ಅಂಚೆ ಈಗ ಸಮಯಕ್ಕೆ ತಲುಪುವುದಿಲ್ಲ. ನಾಳೆ ವಿಮಾನ ಹತ್ತುವವರು ಯಾರೋ ಊರಿಗೆ ಹೊತ್ತೊಯ್ಯುತ್ತಾರೆ, ಲಕೋಟೆಗಳನ್ನು ಇವತ್ತು ಸಂಜೆ ಆರರೊಳಗೆ ಸ್ಪ್ರಿಂಗ್‌ವೇಲಿನ ಒಂದು ಹೋಟೆಲಿಗೆ ತಂದು ಕೊಡಿ ಎಂಬ ಸಂದೇಶ ಹತ್ತು ಕಡೆಯಿಂದ ಬಂದಿತ್ತು. ಐದು ವರ್ಷ ಒಬ್ಬ ದೇಶಬಾಂಧವನೂ ಹತ್ತಿರ ಸುಳಿಯದ ಹಾಗೆ ನೋಡಿಕೊಂಡವನಿಗೆ ಸಂಜೆಯೊಳಗೆ ಒಬ್ಬ ಬೇಕಾಗಿದ್ದ.

ಬಿಟ್ಟುಬಿಡಬಹುದಿತ್ತು. ಬಿಡಲಾಗದ್ದಕ್ಕೆ ಕಾರಣ ಪಾಟಿ. ಅಜ್ಜಿ ಅಂಜಲೈಗೆ ಎಂಬತ್ತೆರಡು. ಅದೇ ತೋಟದಲ್ಲಿ ಹುಟ್ಟಿ, ಅದೇ ಮರಗಳ ಹಾಲು ಇಳಿಸಿ, ಹುಟ್ಟಿದ್ದಕ್ಕೆ ಕಾಗದವಿಲ್ಲದ ಕಾರಣ ಪ್ರಜೆಯಾಗದೆ, ಪರಕೀಯರಿಗೆ ಕೊಡುವ ಕೆಂಪು ಕಾರ್ಡನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದವಳು. ಪ್ರತಿ ಚುನಾವಣೆಗೂ ಸೀರೆಯುಟ್ಟು, ಹೂ ಮುಡಿದು, ಮಕ್ಕಳ ಜೊತೆ ಶಾಲೆಯ ಗೇಟಿನವರೆಗೆ ಹೋಗಿ ಹೊರಗೆ ನಿಂತಿರುತ್ತಿದ್ದಳು, ಅವರ ಚಪ್ಪಲಿ ಕಾಯುವವಳ ಹಾಗೆ. ಹೋದ ವರ್ಷ, ಇಪ್ಪತ್ತು ವರ್ಷ ಅಲೆದ ಮೇಲೆ, ಪ್ರಜೆಗಳ ನೀಲಿ ಕಾರ್ಡು ಕೊಟ್ಟರು. "ಲೇ ತಿನಾ, ನಾನು ಇಲ್ಲಿ ಬೆರಳಿಗೆ ಮಸಿ ಹಚ್ಚಿಸ್ಕೊಳೋ ಹೊತ್ಗೆ ನಿಂದು ಬಂದಿರ್ಬೇಕು ನೋಡು," ಎಂದಿದ್ದಳು ಫೋನಿನಲ್ಲಿ, ಕಿವುಡರು ಕೂಗುವ ಹಾಗೆ ಕೂಗಿ. "ಇಷ್ಟ್ ದಿನ ಒಬ್ಳೇ ಹೊರಗೆ ನಿಂತಿದ್ದಾಯ್ತು. ಡಬ್ಬೀಲೂ ನನ್ ವೋಟು ಒಂಟಿಯಾಗಿ ಬಿದ್ದಿರೋದು ಬೇಡ." ಅವನು ಆಯ್ತು ಎಂದಿದ್ದ. ಪಾಟಿಗೆ ಇಲ್ಲವೆನ್ನುವ ಹಕ್ಕು ಅವನಿಗೆ ಹನ್ನೊಂದನೆಯ ವಯಸ್ಸಿನಲ್ಲೇ ಹೋಗಿತ್ತು. ಸರಕಾರಿ ಆಸ್ಪತ್ರೆಯ ಕಿಟಕಿಯಲ್ಲಿ ಗುಮಾಸ್ತೆ ಪಾಟಿಯ ಕಾರ್ಡನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಸಾಲಿನ ಕೊನೆಯವರೆಗೂ ಕೇಳುವ ಹಾಗೆ, "ಕೆಂಪು! ಕೆಂಪಿನವರದು ಈ ಸಾಲಲ್ಲ ಅಂತ ಎಷ್ಟ್ ಸಲ ಹೇಳ್ಬೇಕಮ್ಮಾ?" ಎಂದಾಗ ಅವನು ಮೆಲ್ಲಗೆ ಸರಿದು, ಡೆಂಗೀ ಸೊಳ್ಳೆಯ ಭಿತ್ತಿಚಿತ್ರ ಓದುತ್ತ ನಿಂತಿದ್ದ. ಸಹಪಾಠಿಯ ತಾಯಿ ಹತ್ತಿರ ಬಂದು ನಿಮ್ಮಜ್ಜಿಯಾ ಎಂದು ಕೇಳಿದರು. "ಅಲ್ಲ ಆಂಟಿ. ಪಕ್ಕದ ಮನೆಯವರು." ಪಾಟಿ ಆಗ ಕಾರ್ಡನ್ನು ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಕೇಳಿಸಿತೋ ಇಲ್ಲವೋ ಇವತ್ತಿನವರೆಗೂ ಅವನಿಗೆ ಗೊತ್ತಿಲ್ಲ.

ಉಳಿದದ್ದು ರೊಹಾಯು ಒಬ್ಬಳೇ. ದಂತವೈದ್ಯರ ಮನೆಗಳಿಂದ ಅಚ್ಚುಗಳನ್ನು ತಂದು, ತಯಾರಾದ ಹಲ್ಲುಗಳನ್ನು ಒಯ್ಯುವ ವ್ಯಾನಿನವಳು. ಬಾತು ಗಾಜಾ ಕಡೆಯ ಮಲಯ್ ಹೆಂಗಸು, ಐವತ್ತು ದಾಟಿತ್ತು, ತಲೆಗೆ ಸದಾ ಕಣ್ಣು ಕುಕ್ಕುವ ಬಣ್ಣದ ವಸ್ತ್ರ, ಮೇಲಿನ ಸಾಲಿನಲ್ಲಿ ಒಂದು ಚಿನ್ನದ ಹಲ್ಲು. ವ್ಯಾನಿನ ಕನ್ನಡಿಗೆ ದೇಶದ ಬಾವುಟ ತೂಗುಹಾಕಿದ್ದಳು. ಅವನು ಯಾವುದನ್ನು ಬಿಟ್ಟು ಓಡಿಬಂದಿದ್ದನೋ ಅದೆಲ್ಲ ವಾರಕ್ಕೆ ಐದು ದಿನ ಬೆಳಿಗ್ಗೆ ಹನ್ನೊಂದೂವರೆಗೆ ಬಾಗಿಲು ತಳ್ಳಿಕೊಂಡು ಬರುತ್ತಿತ್ತು. ಮೂರು ವರ್ಷದ ಹಿಂದೆ ಮೊದಲ ದಿನವೇ ಮಲಯ್‌ನಲ್ಲಿ "ಯಾವೂರು ತಂಬಿ?" ಎಂದು ಕೇಳಿದ್ದಳು. ಅವನು ಇಂಗ್ಲಿಷಿನಲ್ಲಿ, ಗ್ರೇಮ್ ಅಲ್ಲೇ ಇದ್ದನಲ್ಲ, ಸಿಂಗಪುರ ಎಂದ. "ಸಿಂಗಪುರದಲ್ಲಿ ಯಾವ ಕಡೆ?" "ಉತ್ತರ." ಅವಳು ಅವನ ಮುಖವನ್ನು ಒಂದು ಗಳಿಗೆ ನೋಡಿ, "ಓಹೋ, ಉತ್ತರ," ಎಂದು ಚಿನ್ನದ ಹಲ್ಲು ಕಾಣುವಷ್ಟು ನಕ್ಕಳು. ಅಂದಿನಿಂದ ಅವನು ಅವಳಿಗೆ ಸಿಂಗಪುರ. ಏನ್ ಸಿಂಗಪುರ, ಊಟ ಆಯ್ತಾ? ಸಿಂಗಪುರಕ್ಕೆ ಕರಿ ಪಫ್ ನಡೆಯುತ್ತಾ, ಇಲ್ಲಾ ಅಲ್ಲಿ ಬರೀ ಗಾಳಿ ತಿಂತಾರಾ? ಅವನು ಆ ಕರಿ ಪಫ್‌ಗಳನ್ನು ಥ್ಯಾಂಕ್ಯೂ ಎಂದು ತೆಗೆದುಕೊಂಡು, ಅವಳ ವ್ಯಾನು ತಿರುವು ದಾಟಿದ ಮೇಲೆ ಒಂದೂ ಬಿಡದೆ ತಿನ್ನುತ್ತಿದ್ದ. ತಿಂದು ಅವಳನ್ನು ಇನ್ನಷ್ಟು ತಾತ್ಸಾರ ಮಾಡುತ್ತಿದ್ದ.

ಇವತ್ತು ಅವಳನ್ನು ಹಿಂದಿನ ಪ್ಲಾಸ್ಟರು ಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, ಐದು ವರ್ಷದಿಂದ ಆಡದ ಭಾಷೆಯಲ್ಲಿ, "ಕಾಕ್, ಒಂದು ಸಹಾಯ ಆಗ್ಬೇಕಿತ್ತು," ಎಂದ. ಅಕ್ಕ ಎನ್ನುವ ಆ ಮಾತೇ ಬಾಯಲ್ಲಿ ಬೇರೆಯವರ ಕಟ್ಟುಹಲ್ಲಿನಂತೆ ಕೂತಿತು.

"ಅಯ್ಯಯ್ಯೋ! ಸಿಂಗಪುರಕ್ಕೆ ಮಲಯ್ ಬರುತ್ತೆ!"

ಅವನು ನಮೂನೆಯನ್ನು ಮುಂದೆ ಹಿಡಿದ. ಅವಳು ಕನ್ನಡಕವನ್ನು ಹಣೆಯಿಂದ ಇಳಿಸಿ, ತುಟಿ ಆಡಿಸುತ್ತ ಪೂರ್ತಿ ಓದಿದಳು. ಓದುತ್ತ ಓದುತ್ತ ಮುಖದ ಕುಚೋದ್ಯ ಹೋಗಿ ಬೇರೆ ಏನೋ ಬಂತು. ಅದನ್ನು ಅವನು ಜಂಬ ಎಂದುಕೊಂಡ.

"ಮೊದ್ಲು ಬಾಯ್ಬಿಟ್ಟು ಹೇಳು. ಎಲ್ಲಿಯವನು ನೀನು?"

"ಪೆರಾಕ್."

"ಪೆರಾಕಲ್ಲಿ?"

"ಸುಂಗೈ ಸಿಪುಟ್. ಎಸ್ಟೇಟು."

"ಮೂರು ವರ್ಷ!" ಎಂದು ಅವಳು ಅವನ ತೋಳಿಗೆ ಪಟ್ಟನೆ ಹೊಡೆದಳು. "ನಮ್ಮೂರಿಂದ ಒಂದು ಗಂಟೆ ದಾರಿ ಕಣೋ, ಕತ್ತೆ! ಮೂರು ವರ್ಷ ನನ್ ಪಫ್ ತಿಂದ್ಕೊಂಡು ಉತ್ತರ ಅಂತೆ, ಉತ್ತರ." ಅವಮಾನದಿಂದ ಅವನ ಕಿವಿ ಬಿಸಿಯಾಯಿತು. ಅವಳು ಮಾತ್ರ ಬೈದು ಮುಗಿಸಿದ ಕೂಡಲೇ ನಲ್ಲಿಯಡಿ ಕೈ ತೊಳೆದು, ಅಲ್ಲಿ ತೂಗುಹಾಕಿದ್ದ ಏಪ್ರನ್ನಿಗೆ ಒರೆಸಿ, ಒಣಗಿತೇ ಎಂದು ಮುಟ್ಟಿ ನೋಡಿ, ಪೆನ್ನು ಹಿಡಿದಳು. ಹನ್ನೆರಡು ಅಂಕಿಗಳನ್ನು ಎಲ್ಲಿಯೂ ತಡೆಯದೆ ಒಂದೇ ಉಸಿರಿಗೆ ಬರೆದಳು. "ನಡುವೆ ಸೊನ್ನೆ ಎಂಟು ನೋಡು. ಪೆರಾಕಲ್ಲಿ ಹುಟ್ಟಿದವರಿಗೆಲ್ಲ ಅದೇ. ನಿಂದೂ ಅದೇ ಅಲ್ವಾ?" ಅವನದೂ ಅದೇ. ಹೌದೆನ್ನುವಾಗ ಬೇಡವೆಂದರೂ ನಗು ಬಂದುಬಿಟ್ಟಿತು. ಅದಕ್ಕಾಗಿ ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ಕ್ಲೇಟನ್ನಿನ ಆ ರೆಂಡಾಂಗಿನ ಪಾತ್ರೆಯ ಸುತ್ತ ತನ್ನನ್ನೂ ನಿಲ್ಲಿಸಿಬಿಟ್ಟಳಲ್ಲ ಎನ್ನಿಸಿತು.

ಸಂಜೆ ಐದಕ್ಕೆ ಅವಳೇ ಬಂದು ಹಾರನ್ನು ಹೊಡೆದಳು. ಹೋಟೆಲು ಅವಳ ದಾರಿಯಲ್ಲೇ ಇತ್ತು. ವ್ಯಾನಿನ ತುಂಬ ಯಾರ್ಯಾರದೋ ದವಡೆಗಳ ಅಚ್ಚು ಪೆಟ್ಟಿಗೆಗಳಲ್ಲಿ ಗಡಗಡ ಎನ್ನುತ್ತಿದ್ದವು. ಅವಳು ಊರು, ನದಿ, ತಾಯಿ, ಸ್ಕೂಲು ಎಂದು ಬಿಡದೆ ಮಾತಾಡಿದಳು, ಅವನು ಹೂಂಗುಟ್ಟಿದ. ಕೆಂಪು ದೀಪವೊಂದರಲ್ಲಿ ನಿಂತಾಗ, ಹವೆಯ ವಿಚಾರ ಹೇಳುವ ದನಿಯಲ್ಲೇ, ಅವಳು ಹೇಳಿದಳು: "ಒಂದ್ ವಿಷ್ಯ ತಂಬಿ, ನಿನ್ ಹತ್ರ ಇರ್ಲಿ. ನಾನು ಇಲ್ಲಿಯವಳಾಗಿ ಮೂರು ವರ್ಷ ಆಯ್ತು. ಮಗಳು ನರ್ಸಿಂಗ್ ಓದ್ಬೇಕು ಅಂದ್ಲು, ಇಲ್ಲಿ ಪ್ರಜೆ ಆದ್ರೆ ಸುಲಭ ಅಂದ್ರು. ಪ್ರಮಾಣ ಮಾಡ್ಸಿ ಮೇಯರು ಒಂದು ಗಿಡ ಕೊಟ್ಟು ಫೋಟೋ ತೆಗೆಸಿದ. ತಿಂಗ್ಳಿಗೇ ಸತ್ತೋಯ್ತು ಗಿಡ. ಆಮೇಲೆ ನಮ್ಮವ್ರು ಸುಮ್ನಿರ್ತಾರಾ? ಎರಡು ದೇಶ ಇಟ್ಕೊಳಂಗಿಲ್ವಲ್ಲ. ನನ್ ಗುರುತಿನ ಕಾರ್ಡು ನನ್ ಕಣ್ಣೆದುರೇ ಕತ್ತರಿ ತಗೊಂಡು ಕತ್ತರಿಸಿದ್ರು. ಕಾರ್ಡ್ ಕತ್ತರಿಸ್ಬೋದು, ನಂಬರ್ ಕತ್ತರಿಸೋಕಾಗುತ್ತಾ? ಬಾಯಿಪಾಠ ಇರುತ್ತಲ್ಲ." ಅವಳು ನಕ್ಕಳು. "ಈ ಮೂರು ವರ್ಷದಲ್ಲಿ ಯಾರೂ ಕೇಳಿರ್ಲಿಲ್ಲ ಆ ನಂಬರ್ನ. ಇವತ್ತು ನೀನು ಕೇಳ್ದೆ."

ದೀಪ ಹಸಿರಾಯಿತು. "ಓ," ಎಂದ ತಿನಗರನ್. ಒಳಗೆ ಮಾತ್ರ ಬೆಂಕಿ ಬಿದ್ದಿತ್ತು. ಎಂಥ ಹೆಂಗಸು! ಕನ್ನಡಿಗೆ ಬಾವುಟ ಕಟ್ಟಿಕೊಂಡು, ಉಳಿದವರ ದೇಶಭಕ್ತಿಗೆ ಪರೀಕ್ಷೆ ಇಟ್ಟುಕೊಂಡು ತಿರುಗುವ ಇವಳು ಪ್ರಜೆಯೇ ಅಲ್ಲ. ಅಡಗಿಕೊಂಡು ಕೂತ ನಾನು ಪ್ರಜೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಅವಳಿಗೆ ಒಂದು ಗಳಿಗೆಯ ಸುಖ, ತನಗೆ ಕೆಟ್ಟುಹೋದ ಮತ. ಪಾಟಿಯದು ಡಬ್ಬಿಯಲ್ಲಿ ಒಂಟಿಯಾಗಿ ಬೀಳುತ್ತದೆ, ಅದೂ ಇವಳ ಬಾಯಿಪಾಠದಿಂದ. ವ್ಯಾನು ನಿಲ್ಲಿಸು ಎನ್ನಬೇಕೆನ್ನಿಸಿತು. ಆದರೆ ಅವಳು ಇಷ್ಟು ಹಗುರಾಗಿ, ಹೆಗಲ ಮೇಲಿನ ಮೂಟೆ ಇಳಿಸಿದವಳ ಹಾಗೆ ಸ್ಟಿಯರಿಂಗ್ ತಿರುಗಿಸುತ್ತಿದ್ದಳು. ಯಾರು ಹೋಗಿ ನಂಬರನ್ನು ಪರೀಕ್ಷಿಸುತ್ತಾರೆ, ಇರಲಿ ಬಿಡು ಎಂದೂ ಒಂದು ಸಲ ಅಂದುಕೊಂಡ. ಅಂದುಕೊಂಡದ್ದು ನಿಜ.

ಹೋಟೆಲಿನಲ್ಲಿ ಕೈತೊಳೆಯುವ ಜಾಗದ ಪಕ್ಕ ಒಂದು ಮೇಜು, ಅದರ ಮೇಲೆ ರಾಜ್ಯವಾರು ಕಟ್ಟು ಕಟ್ಟಿದ ಲಕೋಟೆಗಳು. ಮೇಜಿನ ಹಿಂದೆ ಲೋಗೇಸ್ವರಿ ಎಂದು ಎದೆಗೆ ಚೀಟಿ ಅಂಟಿಸಿಕೊಂಡ ತಮಿಳು ಹುಡುಗಿ; ಬಿ-ಎರಡು, ಕೆಳಸಾಲು ಸ್ವಲ್ಪ ಇಕ್ಕಟ್ಟು. ಹತ್ತು ಹನ್ನೆರಡು ಜನರ ಸಾಲು, ಎಲ್ಲರೂ ಒಟ್ಟಿಗೆ ಮಾತು, ಒಟ್ಟಿಗೆ ತಿಂಡಿ. ರೊಹಾಯು ಒಳಗೆ ಕಾಲಿಟ್ಟದ್ದೇ ಮದುವೆ ಮನೆಗೆ ಬಂದವಳ ಹಾಗೆ ಎಲ್ಲರನ್ನೂ ಯಾವೂರು, ಯಾರ ಮಗ ಎಂದು ವಿಚಾರಿಸುತ್ತ, "ನೀನು ಕೊಡು ಅದನ್ನ, ನಾನು ಮೂರು ಟೀ ಹೇಳ್ತೀನಿ, ಪಾಪ ಆ ಹುಡುಗೀಗೂ," ಎಂದು ಗಲ್ಲಾದ ಕಡೆ ಹೋದಳು. ಅವನ ಸರದಿ ಬಂತು. ಲೋಗೇಸ್ ನಮೂನೆಯ ಮೇಲೆ ಕಣ್ಣಾಡಿಸಿದಳು. ಮತದಾರನ ಸಹಿ, ಸರಿ. ಸಾಕ್ಷಿಯ ಹೆಸರು, ನಂಬರು, ಸಹಿ, ಸರಿ. ಮಡಚಿ ದೊಡ್ಡ ಲಕೋಟೆಗೆ ಹಾಕಲು ಹೊರಟಳು.

ಅವನು ಬಗ್ಗಿದ. ಐದು ವರ್ಷ ಈ ಊರಿನಲ್ಲಿ ಯಾರೊಂದಿಗೂ ಆಡದ ತಮಿಳಿನಲ್ಲಿ, ರೊಹಾಯುಗೆ ತಿಳಿಯದ ತಮಿಳಿನಲ್ಲಿ, ಮೆಲ್ಲಗೆ, "ಆ ಅಮ್ಮ ಈಗ ನಮ್ ದೇಶದವ್ರಲ್ಲ. ಸಹಿ ನಡೆಯುತ್ತಾ ಅಂತ ನೋಡಿ," ಎಂದ.

"ಹಂಗಾ? ಅಯ್ಯೋ ಅಣ್ಣೆ, ಮೊದ್ಲೇ ಹೇಳೋದಲ್ವಾ! ನಡೆಯಲ್ಲ." ಹುಡುಗಿ ಅಡ್ಡಗೆರೆ ಎಳೆದೇಬಿಟ್ಟಳು, ಹೆಸರಿನ ಮೇಲೊಂದು, ಹನ್ನೆರಡು ಅಂಕಿಗಳ ಮೇಲೊಂದು. "ನಾನೇ ಹಾಕ್ತೀನಿ ಸಾಕ್ಷಿ, ನೀವು ಪಕ್ಕದಲ್ಲಿ ಇನಿಷಿಯಲ್ ಹಾಕಿ." ಹಾಕಿದ. ಅವಳು ಒಳ್ಳೆಯ ಹುಡುಗಿ, ಕೆಟ್ಟ ಮನಸ್ಸಿನವಳಲ್ಲ, ಅದಕ್ಕೇ ಸಾಲಿನ ತಲೆಗಳ ಮೇಲಿಂದ ಮಲಯ್‌ನಲ್ಲಿ ಕೂಗಿ ಸಮಾಧಾನ ಹೇಳಿದಳು: "ಕಾಕ್! ನೀವು ಇಲ್ಲಿಯ ಪ್ರಜೆ ಆಗ್ಬಿಟ್ಟಿದ್ದೀರಂತೆ? ಹಂಗಾದ್ರೆ ನಿಮ್ ಸಹಿ ಆಗಲ್ಲ ಕಾಕ್. ಬೇಜಾರ್ ಮಾಡ್ಕೋಬೇಡಿ!"

ಸಾಲು ತಿರುಗಿ ನೋಡಿತು. "ಬಾವುಟ ಬೇರೆ ಆದ್ಮೇಲೂ ನಮ್ ವೋಟಿಗೆ ಬಂದ್ರಾ ಅಕ್ಕಾ?" ಎಂದು ಟೋಪಿಯವನೊಬ್ಬ ತಮಾಷೆ ಮಾಡಿದ, ಕೆಲವರು ನಕ್ಕರು. ರೊಹಾಯು ಎರಡು ಕೈಯಲ್ಲಿ ಮೂರು ಲೋಟ ಹಿಡಿದು ಬರುತ್ತಿದ್ದಳು. ನಿಂತಳು. ತಿನಗರನ್ ಆಗ ಗೋಡೆಯ ತಿಂಡಿಪಟ್ಟಿಯನ್ನು ಮೊದಲಿನಿಂದ ಓದತೊಡಗಿದ್ದ.

"ಹೌದಲ್ಲ," ಎಂದಳು ಅವಳು. "ವಯಸ್ಸಾಯ್ತು ನೋಡಿ, ಮರ್ತೇ ಹೋಗಿತ್ತು." ಲೋಟಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟಳು, ಲಕೋಟೆಗಳಿಗೆ ತಾಗದ ಹಾಗೆ. "ಒಳ್ಳೇದೇ ಆಯ್ತು. ಮತ ಕೆಡಬಾರ್ದು. ಕುಡಿ, ಆರತ್ತೆ." ವ್ಯಾನನ್ನು ನಿಲ್ಲಿಸಬಾರದ ಕಡೆ ನಿಲ್ಲಿಸಿದ್ದೇನೆ ಎಂದು ಹೇಳಿ ಹೊರಟಳು. ಅವನು ಟೀ ಕುಡಿದ. ಚೆನ್ನಾಗಿತ್ತು. ಸುತ್ತ ನಿಂತವರು, ಇಲ್ಲಿಯ ಟೀ ಊರಿನ ಹಾಗಿರುವುದಿಲ್ಲ ಎನ್ನುತ್ತಿದ್ದರು.

ಭಾನುವಾರ ಪಾಟಿಯ ಫೋನು ಬಂತು. "ಹಾಕ್ದ್ಯಾ?" "ಹಾಕಿದೆ ಪಾಟಿ. ಕಳಿಸಿಯೂ ಆಯ್ತು." "ಸಾಕ್ಷಿ ಬೇಕಂತಲ್ಲೋ, ನಿಮ್ಮತ್ತೆ ಹೇಳಿದ್ಲು. ಯಾರ್ ಹಾಕಿದ್ರು?" "ಯಾರೋ ಒಬ್ಳು. ನಮ್ಮವಳೇ." "ನಮ್ಮವಳಾ? ಹೊತ್ತಿಗೆ ನಮ್ಮೋರೇ ಆಗೋದು ಕಣೋ," ಎಂದು ಪಾಟಿ ಖುಷಿಯಿಂದ ಕೂಗಿದಳು. ಅವನು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದುಕೊಂಡ. ಮಾಡಿದ್ದರಲ್ಲಿ ತಪ್ಪೇನು ಎಂದು ಎರಡು ದಿನದಿಂದ ಲೆಕ್ಕ ಹಾಕಿ ಹಾಕಿ ತಪ್ಪಿಲ್ಲವೆಂದೇ ಬರುತ್ತಿತ್ತು. ಕಾನೂನು ಹಾಗೆ. ಅವಳು ಮೊದಲೇ ಹೇಳಬೇಕಿತ್ತು. ಆ ಹುಡುಗಿ ಕೂಗಬಾರದಿತ್ತು. ಎಲ್ಲ ಸರಿಯಾಗಿದ್ದೂ ಸ್ನಾನಕ್ಕೆ ಹೋದಾಗ, ಹಲ್ಲುಜ್ಜುವಾಗ, ಅವಳು ಕೈ ತೊಳೆದು ಒಣಗಿತೇ ಎಂದು ಮುಟ್ಟಿ ನೋಡಿದ್ದು ಕಣ್ಣಮುಂದೆ ಬರುತ್ತಿತ್ತು. ಥೂ, ನಾಟಕ, ಎಂದುಕೊಳ್ಳುತ್ತಿದ್ದ.

ಸೋಮವಾರ ಹನ್ನೊಂದೂವರೆಗೆ ಬಾಗಿಲು ತೆರೆಯಿತು. ಅವನು ತಲೆ ಎತ್ತಲಿಲ್ಲ. ಪೆಟ್ಟಿಗೆಗಳನ್ನು ಒಂದೊಂದಾಗಿ ಇಡುವ ಸದ್ದು, ರಸೀದಿ ಹರಿಯುವ ಸದ್ದು. ಏನ್ ಸಿಂಗಪುರ ಎಂಬುದು ಬರಲಿಲ್ಲ. ಗ್ರೇಮ್ ಎಲ್ಲಿಯೋ ಓದಿದ್ದನೆಂದು ಕಾಣುತ್ತದೆ, ಕಾಫಿ ಹಿಡಿದು ಹೊರಬಂದು, "ರೋ, ನಿಮ್ ಮಲೇಷ್ಯಾದಲ್ಲಿ ಭಾರೀ ಎಲೆಕ್ಷನ್ನಂತಲ್ಲ! ಲಕೋಟೆ ಹೊತ್ಕೊಂಡು ಜನ ವಿಮಾನ ಹತ್ತಿದ್ರಂತೆ," ಎಂದ. ಆಮೇಲೆ, "ಡೀನ್, ನಿಮ್ ಕಡೆನೂ ಹಿಂಗೇನಾ?" ಎಂದು ಅವನತ್ತ ನೋಡಿದ.

ತಿನಗರನ್ ಕೈಯಲ್ಲಿನ ಯಂತ್ರ ನಿಲ್ಲಿಸಿದ. ಈಗ ಅವಳ ಸರದಿ. ಒಂದೇ ಒಂದು ಊರಿನ ಹೆಸರು, ಅಷ್ಟು ಸಾಕು. ಐದು ವರ್ಷದ ಸಿಂಗಪುರ ಇಲ್ಲಿಯೇ ಕುಸಿದು ಹೋಗುತ್ತದೆ. ಹೇಳಲಿ, ಹೇಳಿಬಿಡಲಿ ಎಂದು ಅವನು ಕಾದ. ಹೇಳಿದರೆ ಇಬ್ಬರಿಗೂ ಸಮ ಆಗುತ್ತದೆ ಎಂಬ ಆಸೆಯೂ ಅದರಲ್ಲಿತ್ತು.

"ಅವನನ್ನ ಯಾಕೆ ಕೇಳ್ತೀಯಾ ಗ್ರೇಮ್?" ಎಂದಳು ರೊಹಾಯು, ರಸೀದಿ ಮಡಚುತ್ತ. ದನಿಯಲ್ಲಿ ಕುಚೋದ್ಯವಿರಲಿಲ್ಲ. "ಅವನು ಸಿಂಗಪುರದವನು. ಅವನಿಗೇನ್ ಗೊತ್ತು ಇದೆಲ್ಲ."

"ನೀನು ಹಾಕಿದ್ಯಾ ಮತ್ತೆ ವೋಟು?"

"ನಾನಾ? ನಾನು ಮಲೇಷ್ಯಾದವಳಲ್ಲ. ಬೇಕಾದ್ರೆ ಅವನನ್ನೇ ಕೇಳು, ಅವನಿಗೆ ಗೊತ್ತು."

ಗ್ರೇಮ್ ನಗುತ್ತ ತಿನಗರನ್ ಕಡೆ ತಿರುಗಿದ. ರೊಹಾಯುವೂ ತಿರುಗಿದಳು. ಇಬ್ಬರೂ ಕಾಯುತ್ತಿದ್ದರು.

"ಹೌದು," ಎಂದ ತಿನಗರನ್. "ಅವರು ಅಲ್ಲಿಯವರಲ್ಲ."